ಆ ಊರಿನ ಜನ ಎಲ್ಲಿ?

ಭಾಗ 1

ಫೋಟೋದಲ್ಲಿ ಕಾಣ್ತಿರೋದು ಗಂಗೊಳ್ಳಿ ದಕ್ಕೆ. ಜೂನ್ ತಿಂಗಳು, ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿವೆ. ಆದ್ರೆ ನಾನು ಬರೀತಿರೋದು ಇಲ್ಲಿಂದ ಅರ್ಧ ಭೂಮಿ ಆಚೆ ಇರೋ ಇನ್ನೊಂದು ಸಮುದ್ರದ ಬಗ್ಗೆ. ಈ ಫೋಟೋ ಯಾಕೆ ಅಂತ ಓದ್ತಾ ಹೋದ್ರೆ ಗೊತ್ತಾಗುತ್ತೆ. ಉದ್ದ ಇದೆ, ಏಳು ಭಾಗ. ಇಂಟರ್ನಲ್ಸ್‌ಗೆ ಓದೋದು ಬಿಟ್ಟು ಬರೆದಿದ್ದೀನಿ, ದಯವಿಟ್ಟು ಅರ್ಧಕ್ಕೆ ಸ್ವೈಪ್ ಮಾಡ್ಬೇಡಿ.

ನಂಗೆ ಸೇಲಿಂಗ್ ರೀಲ್‌ಗಳ ಹುಚ್ಚು ಅನ್ನೋದು ಕ್ಲಾಸಲ್ಲಿ ಎಲ್ರಿಗೂ ಗೊತ್ತು. ಬಿಳಿ ಹಾಯಿದೋಣಿ, ಗಾಜಿನಂಥ ನೀರು, ಡೆಕ್ ಮೇಲೆ ಕಾಫಿ ಕಪ್ ಹಿಡ್ಕೊಂಡ ಜೋಡಿ, ಮೇಲೆ ಅಕ್ಷರಗಳು: "ಕೆಲಸ ಬಿಟ್ವಿ, ಮನೆ ಮಾರಿದ್ವಿ, ದೋಣಿ ಕೊಂಡ್ವಿ". ನನ್ನ ಸೇವ್ಡ್ ಫೋಲ್ಡರ್ ಹೆಸರು "ಡಿಗ್ರಿ ಆದ್ಮೇಲೆ". ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಜಾಗದ್ದು, ಕೆರಿಬಿಯನ್ ಸಮುದ್ರದ ಗ್ರೆನಡೀನ್ಸ್ ದ್ವೀಪಗಳು.

ನನ್ನ ಮಾವ, ಅಂದ್ರೆ ಅಮ್ಮನ ತಮ್ಮ, ಆಳಸಮುದ್ರ ಬೋಟಿನಲ್ಲಿ ಕೆಲಸ ಮಾಡ್ತಾರೆ. ಜೂನ್, ಜುಲೈ ಮೀನುಗಾರಿಕೆಗೆ ರಜೆ, ಹಾಗಾಗಿ ಮನೇಲಿದ್ರು. ಒಂದು ರಾತ್ರಿ ಕರೆಂಟ್ ಹೋಗಿತ್ತು, ಮಳೆ ಹೊಡೀತಿತ್ತು, ನಾನು ಅವರಿಗೆ ಆ ಫೋಲ್ಡರ್ ತೋರಿಸಿದೆ. ಹತ್ತು ಹದಿನೈದು ರೀಲ್ ಸುಮ್ನೆ ನೋಡಿದ್ರು. ಆಮೇಲೆ ಕೇಳಿದ್ರು:

"ಆ ಊರಿನ್ ಜನ ಎಲ್ಲ್ ಹೋಯ್ರ್ ಹೆಣೆ?"

ಕುಂದಾಪ್ರ ಕನ್ನಡ ಬಾರದವರಿಗೆ: ಆ ಊರಿನ ಜನ ಎಲ್ಲಿ ಹೋದ್ರು ಅಂತ. ನಾನು ವಾಪಸ್ ಹೋಗಿ ಒಂದೊಂದೇ ನೋಡಿದೆ. ನಿಜ. ಅಷ್ಟೂ ರೀಲ್‌ಗಳಲ್ಲಿ ಆ ದ್ವೀಪದವರು ಅಂತ ಒಬ್ಬರ ಮುಖ ಸರಿಯಾಗಿ ಇಲ್ಲ. ತೆಂಗಿನ ಮರ ಇದೆ, ಆಮೆ ಇದೆ, ಡ್ರೋನ್ ಇದೆ. ಜನ ಇಲ್ಲ.

ಭಾಗ 2

ಮೊದಲು ಜಾಗ ಪರಿಚಯ ಮಾಡ್ಕೊಳ್ಳಿ. ಉತ್ತರಕ್ಕೆ ಸೇಂಟ್ ವಿನ್ಸೆಂಟ್, ದಕ್ಷಿಣಕ್ಕೆ ಗ್ರೆನಡಾ, ಎರಡೂ ದೊಡ್ಡ ದ್ವೀಪ. ಇವೆರಡರ ನಡುವೆ ಸುಮಾರು ನೂರು ಕಿಲೋಮೀಟರ್, ನಮ್ಮ ಕುಂದಾಪುರದಿಂದ ಮಂಗಳೂರಿಗೆ ಹೋದಷ್ಟು. ಅಷ್ಟರೊಳಗೆ ದಾರ ಹರಿದು ಚೆಲ್ಲಿದ ಮಣಿಗಳ ಹಾಗೆ ಪುಟ್ಟಪುಟ್ಟ ದ್ವೀಪಗಳು: ಬೆಕ್ವೇ, ಮಸ್ಟೀಕ್, ಕನವಾನ್, ಮೈರೋ, ಯೂನಿಯನ್, ಟೊಬೇಗೊ ಕೀಸ್, ಪಿಟಿ ಮಾರ್ಟಿನೀಕ್, ಕ್ಯಾರಿಯಾಕೂ. ಕೊನೆಯ ಎರಡು ಗ್ರೆನಡಾ ದೇಶಕ್ಕೆ ಸೇರಿದ್ದು, ಉಳಿದದ್ದು ಸೇಂಟ್ ವಿನ್ಸೆಂಟ್‌ಗೆ.

ಹಾಯಿದೋಣಿಯವರು ಇಲ್ಲಿಗೇ ಯಾಕೆ ಸಾಯ್ತಾರೆ ಅಂದ್ರೆ, ಗಾಳಿ. ಹಾಯಿದೋಣಿ ಗಾಳಿ ಬರೋ ದಿಕ್ಕಿಗೆ ನೇರವಾಗಿ ಹೋಗಲ್ಲ, ಓರೆಯಾಗಿ ಅಂಕುಡೊಂಕಾಗಿ ಹೋಗ್ಬೇಕು. ಅದು ಸುಸ್ತಿನ ಕೆಲಸ. ಗಾಳಿ ಪಕ್ಕದಿಂದ ಬಂದ್ರೆ ದೋಣಿ ಖುಷಿಯಾಗಿ ಓಡುತ್ತೆ. ಗ್ರೆನಡೀನ್ಸ್ ಸಾಲು ಉತ್ತರ ದಕ್ಷಿಣವಾಗಿದೆ, ವಾಣಿಜ್ಯ ಮಾರುತ ಪೂರ್ವದಿಂದ ಬೀಸುತ್ತೆ. ಅಂದ್ರೆ ಹೋಗುವಾಗಲೂ ಪಕ್ಕದ ಗಾಳಿ, ಬರುವಾಗಲೂ ಪಕ್ಕದ ಗಾಳಿ. ಒಂದು ದ್ವೀಪದಿಂದ ಇನ್ನೊಂದು ಕಣ್ಣಿಗೆ ಕಾಣುತ್ತೆ. ಸಂಜೆ ದ್ವೀಪದ ಪಶ್ಚಿಮ ಮಗ್ಗುಲಿಗೆ ಹೋದ್ರೆ ಗುಡ್ಡ ಗಾಳಿ ತಡೆಯುತ್ತೆ, ಅಲೆ ಕಡಿಮೆ, ಲಂಗರು ಹಾಕಿ ಮಲಗಬಹುದು. ಪ್ರಕೃತಿಯೇ ಟೂರ್ ಪ್ಲಾನ್ ಮಾಡಿ ಇಟ್ಟ ಹಾಗಿದೆ.

ಟೊಬೇಗೊ ಕೀಸ್ ಅಂತೂ ಕೇಳ್ಬೇಡಿ. ಜನವಸತಿ ಇಲ್ಲದ ಐದು ಪುಟಾಣಿ ದ್ವೀಪ, ಪೂರ್ವಕ್ಕೆ ಕುದುರೆ ಲಾಳದ ಆಕಾರದ ಹವಳದ ದಿಬ್ಬ. ಅಲೆ ಅಲ್ಲೇ ಒಡೆದುಹೋಗುತ್ತೆ, ಒಳಗೆ ನೀರು ತಣ್ಣಗೆ, ತಳದ ಹುಲ್ಲು ಮೇಯೋ ಕಡಲಾಮೆಗಳು. "ಪೈರೇಟ್ಸ್ ಆಫ್ ದಿ ಕೆರಿಬಿಯನ್" ಮೊದಲ ಸಿನಿಮಾದಲ್ಲಿ (2003) ಜ್ಯಾಕ್ ಸ್ಪ್ಯಾರೋನನ್ನ ಬಿಟ್ಟುಹೋಗ್ತಾರಲ್ಲ ಆ ದ್ವೀಪ, ಅದು ಇಲ್ಲಿಯ ಪಿಟಿ ಟಬ್ಯಾಕ್.

ಚಂದ ಇಲ್ಲ ಅಂತ ನಾನು ಹೇಳ್ತಾ ಇಲ್ಲ. ಚಂದ ಇದೆ. ನನ್ನ ತಕರಾರು ಬೇರೆ.

ಭಾಗ 3

ಕಾಮರ್ಸ್‌ನವರಾಗಿ ಒಂದು ಸಲ ಲೆಕ್ಕ ನೋಡೋಣ. "ಎಲ್ಲ ಬಿಟ್ಟು ಸ್ವತಂತ್ರರಾದ್ವಿ" ಅನ್ನೋ ರೀಲ್ ಇದ್ಯಲ್ಲ, ಅದರ ಹಿಂದೆ ಒಂದು ಖರ್ಚಿನ ಪಟ್ಟಿ ಇದೆ. ಉಪ್ಪುನೀರಲ್ಲಿ ನಿಂತ ಆಸ್ತಿಗೆ ಸವಕಳಿ ಎಷ್ಟು ಬೇಗ ಅಂತ ನಮ್ಮ ಊರಿನ ಯಾವ ಬೋಟ್ ಮಾಲೀಕರನ್ನ ಕೇಳಿದ್ರೂ ಹೇಳ್ತಾರೆ. ಹಾಯಿ ಬಿಸಿಲಿಗೆ ಸುಡುತ್ತೆ, ಹಗ್ಗ ಸವೆಯುತ್ತೆ, ತಳಕ್ಕೆ ಪಾಚಿ ಹಿಡಿಯದ ಹಾಗೆ ಮತ್ತೆ ಮತ್ತೆ ಬಣ್ಣ ಹೊಡೀಬೇಕು. ದೋಣಿ ಅಂದ್ರೆ ನೀರಲ್ಲಿರೋ ಗುಂಡಿ, ಅದರೊಳಗೆ ದುಡ್ಡು ಸುರೀತಾ ಇರ್ಬೇಕು ಅನ್ನೋದು ಹಾಯಿದೋಣಿಯವರದ್ದೇ ಹಳೇ ಜೋಕು.

ಕೊಳ್ಳೋಕೆ ಆಗದವರಿಗೆ ಬಾಡಿಗೆ. ನಿಮಗೇ ನಡೆಸೋಕೆ ಬಂದ್ರೆ ದೋಣಿ ಮಾತ್ರ ಕೊಡ್ತಾರೆ, ಅದಕ್ಕೆ ಬೇರ್‌ಬೋಟ್ ಅಂತಾರೆ. ಇನ್ನೊಂದು ಐಡಿಯಾ ನಂಗೆ ತುಂಬಾ ಇಂಟರೆಸ್ಟಿಂಗ್ ಅನ್ನಿಸ್ತು: ದೋಣಿ ನೀವು ಕೊಳ್ಳೋದು, ಕಂಪನಿ ಅದನ್ನ ಬಾಡಿಗೆಗೆ ಬಿಡೋದು, ಆದಾಯದಲ್ಲಿ ನಿಮಗೆ ಪಾಲು, ವರ್ಷದಲ್ಲಿ ಕೆಲವು ವಾರ ನೀವೇ ಬಳಸಬಹುದು. ರೀಲ್‌ನ ಎಷ್ಟೋ ದೋಣಿಗಳು ಹೀಗೆ ಯಾರದ್ದೋ ಹೂಡಿಕೆ, ಯಾರದ್ದೋ ರಜೆ.

ಮತ್ತೆ ವಿಮೆ. ಇದನ್ನ ಗಮನ ಇಟ್ಟು ಓದಿ, ಮುಂದೆ ಬೇಕಾಗುತ್ತೆ. ಅಲ್ಲಿ ಚಂಡಮಾರುತದ ಸೀಸನ್ ಜೂನ್ 1ರಿಂದ ನವೆಂಬರ್ 30. ನಮ್ಮಲ್ಲಿ ಮೀನುಗಾರಿಕೆ ನಿಷೇಧ ಶುರುವಾಗೋದೂ ಜೂನ್ 1ಕ್ಕೇ, ಸುಮ್ನೆ ಹೇಳ್ದೆ. ಆ ತಿಂಗಳುಗಳಲ್ಲಿ ದೋಣಿ ಇಂಥ ಗೆರೆಗಿಂತ ಕೆಳಗೆ, ಅಂದ್ರೆ ದಕ್ಷಿಣಕ್ಕೆ ಇರ್ಬೇಕು ಅಂತ ಎಷ್ಟೋ ಪಾಲಿಸಿಗಳು ಷರತ್ತು ಹಾಕ್ತವೆ. ಇಲ್ಲಾಂದ್ರೆ ಕ್ಲೇಮ್ ಇಲ್ಲ. ಅಂಥ ಗೆರೆಗಳಲ್ಲಿ ತುಂಬಾ ಕೇಳಿಬರೋದು 12 ಡಿಗ್ರಿ 40 ಮಿನಿಟ್ ಉತ್ತರ ಅಕ್ಷಾಂಶ. ಮ್ಯಾಪ್‌ನಲ್ಲಿ ಎಳೆದು ನೋಡಿ. ಆ ಗೆರೆ ಕನವಾನ್‌ಗೂ ಮೈರೋಗೂ ನಡುವೆ ಹಾದುಹೋಗುತ್ತೆ. ಅದರ ಕೆಳಗಿನ ಯೂನಿಯನ್, ಕ್ಯಾರಿಯಾಕೂ ಎಲ್ಲ "ಸೇಫ್" ಕಡೆ.

ಅಂದ್ರೆ ಆ ಸ್ವಾತಂತ್ರ್ಯಕ್ಕೂ ಒಂದು ಕ್ಯಾಲೆಂಡರ್ ಇದೆ, ಪ್ರೀಮಿಯಂ ಇದೆ, ಗಡಿ ಇದೆ. ತಪ್ಪೇನಿಲ್ಲ. ರೀಲ್‌ನಲ್ಲಿ ಅದನ್ನ ಹೇಳಲ್ಲ ಅಷ್ಟೆ.

ಭಾಗ 4

ಈಗ ಮಾವನ ಪ್ರಶ್ನೆಗೆ ಬರ್ತೀನಿ. ಜನ ಎಲ್ಲಿ?

ಅಲ್ಲೇ ಇದ್ದಾರೆ. ನೀವು ಲಂಗರು ಹಾಕೋ ಹೊತ್ತಿಗೆ ಔಟ್‌ಬೋರ್ಡ್ ಇಂಜಿನ್ ಹಾಕಿದ ಬಣ್ಣದ ಮರದ ದೋಣಿಯಲ್ಲಿ ಬಂದು, ಬ್ರೆಡ್ ಬೇಕಾ, ಐಸ್ ಬೇಕಾ, ಹಗ್ಗ ಕಟ್ಟಿಕೊಡ್ಲಾ ಅಂತ ಕೇಳ್ತಾರಲ್ಲ, ಅವರು. ಇಂಗ್ಲಿಷ್‌ನಲ್ಲಿ ಅವರಿಗೆ "ಬೋಟ್ ಬಾಯ್ಸ್" ಅಂತಾರೆ, ಐವತ್ತು ವರ್ಷದವರಿಗೂ ಬಾಯ್! ಸೇಲಿಂಗ್ ವೀಡಿಯೊಗಳಲ್ಲಿ ಅವರು ಬಂದ್ರೆ ಒಂದೋ ಕಿರಿಕಿರಿ ಅಂತ ಬರ್ತಾರೆ, ಇಲ್ಲ ಎಡಿಟ್‌ನಲ್ಲಿ ಹೋಗ್ತಾರೆ. ಟೊಬೇಗೊ ಕೀಸ್‌ನ ದಂಡೆಯಲ್ಲಿ ಸಂಜೆ ಲಾಬ್‌ಸ್ಟರ್ ಸುಟ್ಟುಕೊಡೋರು ಯೂನಿಯನ್‌ನಿಂದಲೋ ಮೈರೋದಿಂದಲೋ ಬಂದವರು. ಸೀಸನ್‌ನಲ್ಲಿ ದುಡಿದದ್ದರ ಮೇಲೆ ಸೀಸನ್ ಇಲ್ಲದ ತಿಂಗಳೂ ನಡೀಬೇಕು. ನಮ್ಮ ಮನೇಲಿ ಜುಲೈ ತಿಂಗಳು ಹೇಗಿರುತ್ತೆ ಅಂತ ಗೊತ್ತಿರೋದ್ರಿಂದ ನಂಗಿದು ಬೇಗ ಅರ್ಥ ಆಯ್ತು.

ನೀರಿನ ವಿಷಯ ಕೇಳಿ. ಈ ಸಣ್ಣ ದ್ವೀಪಗಳಲ್ಲಿ ನದಿ ಇಲ್ಲ. ಮನೆಯ ಮಾಡಿನ ಮೇಲೆ ಬಿದ್ದ ಮಳೆನೀರನ್ನ ದಂಬೆ ಕಟ್ಟಿ ತೊಟ್ಟಿಗೆ ಇಳಿಸ್ತಾರೆ, ವರ್ಷವಿಡೀ ಅದೇ ನೀರು. ಪಕ್ಕದಲ್ಲೇ ಲಂಗರು ಹಾಕಿದ ದೋಣಿಯಲ್ಲಿ ಸಮುದ್ರದ ನೀರನ್ನ ಸಿಹಿನೀರು ಮಾಡೋ ಮಿಷನ್ ಇರುತ್ತೆ, ಈಜಿ ಬಂದವರು ಅದರಲ್ಲಿ ಸ್ನಾನ ಮಾಡ್ತಾರೆ.

ಇನ್ನೊಂದು ಸಂಗತಿ ನಂಗೆ ಗೊತ್ತೇ ಇರ್ಲಿಲ್ಲ, ಓದಿ ನಾಚಿಕೆ ಆಯ್ತು. ಹಾಯಿದೋಣಿ ಅನ್ನೋದು ಆ ಜನರ ಸ್ವಂತ ವಿದ್ಯೆ. ಕ್ಯಾರಿಯಾಕೂ ದ್ವೀಪದಲ್ಲಿ ವಿಂಡ್‌ವರ್ಡ್ ಅಂತ ಒಂದು ಹಳ್ಳಿ. ಅಲ್ಲಿಯವರು ತಲೆಮಾರುಗಳಿಂದ ಕಡಲದಂಡೆಯಲ್ಲೇ, ಶೆಡ್ ಇಲ್ಲದೆ, ನಕ್ಷೆ ಇಲ್ಲದೆ, ಕಣ್ಣಳತೆಯಲ್ಲೇ ಮರದ ಹಾಯಿದೋಣಿ ಕಟ್ತಾರೆ. ಸ್ಲೂಪ್ ಅಂತ ಹೆಸರು. ಸರಕು ಸಾಗಿಸೋಕೆ, ಮೀನಿಗೆ, ಈಗ ರೇಸಿಗೆ. ಅಲ್ಲಿಯ ರೆಗಾಟಾ, ಅಂದ್ರೆ ದೋಣಿ ಪಂದ್ಯ, 1965ರಿಂದ ನಡೀತಿದೆ. ದೋಣಿ ನೀರಿಗಿಳಿಸೋ ದಿನ ಊರಿಗೆ ಊರೇ ಸೇರಿ ಹಗ್ಗ ಎಳೆಯುತ್ತೆ, ಅಡುಗೆ, ಡೋಲು, ಪ್ರಾರ್ಥನೆ, ಎಲ್ಲ ಇರುತ್ತೆ. 2023ರಲ್ಲಿ ಯುನೆಸ್ಕೊ ಕ್ಯಾರಿಯಾಕೂ ಮತ್ತು ಪಿಟಿ ಮಾರ್ಟಿನೀಕ್‌ನ ಈ ದೋಣಿ ಕಟ್ಟುವ ವಿದ್ಯೆಯನ್ನ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸ್ತು. "ವ್ಯಾನಿಶಿಂಗ್ ಸೇಲ್" ಅಂತ ಡಾಕ್ಯುಮೆಂಟರಿ ಇದೆ, ಹುಡುಕಿ ನೋಡಿ.

ನನ್ನ ಫೋಲ್ಡರ್‌ನ ಅಷ್ಟೊಂದು "ಸೇಲಿಂಗ್" ರೀಲ್‌ನಲ್ಲಿ ಇಂಥ ಒಂದು ಸ್ಲೂಪ್ ಕೂಡ ಇರ್ಲಿಲ್ಲ. ಆ ಸಮುದ್ರದಲ್ಲಿ ಹಾಯಿ ಅಂದ್ರೆ ಬೇರೆ ನೆನಪೂ ಇದೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಹಾಯಿಹಡಗಿನಲ್ಲೇ ಬಂದದ್ದು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಾಯ್ತು, ಆಗ ನಮ್ಮ ದೇಶದಿಂದ ಕೂಲಿ ಕರಾರಿನ ಮೇಲೆ ಜನರನ್ನ ಒಯ್ದರು. ಗ್ರೆನಡಾಕ್ಕೆ 1857ರಿಂದ, ಸೇಂಟ್ ವಿನ್ಸೆಂಟ್‌ಗೆ 1861ರಿಂದ. ಅವರು "ಎಲ್ಲ ಬಿಟ್ಟು ಸ್ವತಂತ್ರ" ಆಗೋಕೆ ಹೊರಟವರಲ್ಲ.

ಭಾಗ 5

2024ರ ಜುಲೈ 1. ಬೆರಿಲ್ ಅನ್ನೋ ಚಂಡಮಾರುತ ಕ್ಯಾರಿಯಾಕೂಗೆ ಬಂದು ಅಪ್ಪಳಿಸ್ತು. ಕೆಟಗರಿ 4, ಗಾಳಿಯ ವೇಗ ಗಂಟೆಗೆ ಸುಮಾರು 240 ಕಿಲೋಮೀಟರ್. ಅಟ್ಲಾಂಟಿಕ್‌ನಲ್ಲಿ ಜೂನ್ ತಿಂಗಳಲ್ಲೇ ಕೆಟಗರಿ 4 ಮುಟ್ಟಿದ ಚಂಡಮಾರುತ ದಾಖಲೆಯಲ್ಲಿ ಅದಕ್ಕೆ ಮೊದಲು ಇರ್ಲಿಲ್ಲ. ಅರ್ಧ ಗಂಟೆಯಲ್ಲಿ ಕ್ಯಾರಿಯಾಕೂ ನೆಲಸಮ ಆಯ್ತು ಅಂತ ಗ್ರೆನಡಾದ ಪ್ರಧಾನಿ ಡಿಕನ್ ಮಿಚೆಲ್ ಹೇಳಿದ್ರು. ಯೂನಿಯನ್ ದ್ವೀಪದಲ್ಲಿ ಶೇಕಡಾ 90ರಷ್ಟು ಮನೆಗಳು ಪೂರ್ತಿ ಹೋದವು ಇಲ್ಲ ತೀವ್ರವಾಗಿ ಹಾಳಾದವು ಅಂತ ಸೇಂಟ್ ವಿನ್ಸೆಂಟ್‌ನ ಆಗಿನ ಪ್ರಧಾನಿ ರಾಲ್ಫ್ ಗೊನ್ಸಾಲ್ವಿಸ್ ಹೇಳಿದ್ರು.

ಭಾಗ 3ರ ಗೆರೆ ನೆನಪಿದೆಯಾ? ಬೆರಿಲ್ ಹೊಡೆದದ್ದು ಸರಿಯಾಗಿ ಆ ಗೆರೆಯ ಕೆಳಗೆ, "ಸೇಫ್" ಕಡೆ. ದಕ್ಷಿಣದ ಈ ದ್ವೀಪಗಳಿಗೆ ಚಂಡಮಾರುತ ಅಪರೂಪ ಅನ್ನೋದು ನಿಜವೇ, ಆದ್ರೆ 1955ರಲ್ಲಿ ಜ್ಯಾನೆಟ್ ಬಂದಿತ್ತು, 2004ರಲ್ಲಿ ಐವನ್ ಗ್ರೆನಡಾವನ್ನ ಮುರಿದು ಹಾಕಿತ್ತು. ಗಾಳಿಗೆ ಪಾಲಿಸಿ ಓದೋಕೆ ಬರಲ್ಲ.

ಎಚ್ಚರಿಕೆ ಬಂದ ಮೇಲೆ ತುಂಬಾ ಹಾಯಿದೋಣಿಗಳು ಇನ್ನೂ ದಕ್ಷಿಣಕ್ಕೆ, ಟ್ರಿನಿಡಾಡ್ ಕಡೆಗೆ ಓಡಿದವು. ಉಳಿದವರಲ್ಲಿ ಕೆಲವರು ಕ್ಯಾರಿಯಾಕೂದ ಟಿರೆಲ್ ಕೊಲ್ಲಿಯ ಕಾಂಡ್ಲಾ ಕಾಡಿನೊಳಗೆ ದೋಣಿ ನುಗ್ಗಿಸಿ ಕಟ್ಟಿದ್ರು. ಆಮೇಲಿನ ಫೋಟೋಗಳಲ್ಲಿ ಅವು ಒಂದರ ಮೇಲೊಂದು ಬಿದ್ದಿವೆ, ಸುತ್ತ ಕಾಂಡ್ಲಾ ಗಿಡಗಳಿಗೆ ಒಂದು ಎಲೆ ಇಲ್ಲ.

ಓಡಿದವರನ್ನ ನಾನು ಬಯ್ಯಲ್ಲ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಮಾವನ ಬೋಟೂ ಬಲೆ ಎತ್ತಿ ಕಾರವಾರದ ಬಂದರಿಗೆ ಓಡಿತ್ತು. ಎರಡು ದಿನ ಫೋನ್ ಸಿಗ್ಲಿಲ್ಲ, ಅಜ್ಜಿ ಊಟ ಮಾಡ್ಲಿಲ್ಲ. ಗಾಳಿ ಬಂದಾಗ ಓಡೋದೇ ಬುದ್ಧಿ. ಆದ್ರೆ ಮಾವ ಓಡಿದ್ದು ಬೋಟಿನಲ್ಲಿ ಇದ್ದದ್ದಕ್ಕೆ. ನಮ್ಮ ಮನೆ ಓಡೋಕೆ ಆಗುತ್ತಾ? ಯೂನಿಯನ್ ದ್ವೀಪದ ಅಜ್ಜಿಯಂದಿರು ಎಲ್ಲಿಗೆ ಓಡ್ಬೇಕು?

ಮನೆಯ ಮಾಡು ಹಾರಿಹೋಯ್ತು ಅಂದ್ರೆ ಅಲ್ಲಿ ಬರೀ ನೆರಳು ಹೋಗಿದ್ದಲ್ಲ. ಮಳೆನೀರು ಹಿಡಿಯೋದೇ ಮಾಡು. ಮಾಡು ಹೋದ್ರೆ ಕುಡಿಯೋ ನೀರೂ ಹೋಯ್ತು. ಇದನ್ನ ಓದಿದ ದಿನ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾವು ಕಾಸ್ಟ್ ಅಕೌಂಟಿಂಗ್‌ನಲ್ಲಿ ನಷ್ಟವನ್ನ ಒಂದೊಂದು ಹೆಡ್ ಕೆಳಗೆ ಬರೀತೀವಲ್ಲ, ಒಂದು ತಗಡಿನ ಮಾಡನ್ನ ಯಾವ ಹೆಡ್‌ಗೆ ಹಾಕ್ತೀರಾ?

ಭಾಗ 6

ಈ ಭಾಗ ಬರೆಯೋದಾ ಬೇಡ್ವಾ ಅಂತ ಯೋಚಿಸಿದೆ.

2024ರ ಜುಲೈ ಮೊದಲ ವಾರ ನಾನೊಂದು ಸ್ಟೋರಿ ಹಾಕಿದ್ದೆ. ಟೊಬೇಗೊ ಕೀಸ್‌ನ ರೀಲ್, ಮೇಲೆ ನನ್ನ ಸಾಲು: "ಒಬ್ರೂ ಇಲ್ಲದ ಸ್ವರ್ಗ, ಇಲ್ಲೇ ಸೆಟಲ್ ಆಗ್ಬೇಕು". ನಿಮ್ಮಲ್ಲಿ ತುಂಬಾ ಜನ ಬೆಂಕಿ ಎಮೋಜಿ ಹಾಕಿದ್ರಿ. ಆರ್ಕೈವ್‌ನಲ್ಲಿ ಈಗಲೂ ಇದೆ, ತಾರೀಕು ಜುಲೈ 4. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಯೂನಿಯನ್ ದ್ವೀಪದ ಜನ ಆ ಹೊತ್ತಿಗೆ ಮಾಡಿಲ್ಲದ ಮನೆಗಳಲ್ಲಿದ್ರು, ಎಷ್ಟೋ ಜನರನ್ನ ದೋಣಿಯಲ್ಲಿ ಸೇಂಟ್ ವಿನ್ಸೆಂಟ್‌ಗೆ ಸಾಗಿಸ್ತಿದ್ರು. ಆ ರೀಲ್ ಹಳೇದು, ಹಾಕಿದವರ ತಪ್ಪೂ ಅಲ್ಲ. "ಒಬ್ರೂ ಇಲ್ಲದ" ಅಂತ ಬರೆದದ್ದು ನಾನು.

ಸುದ್ದಿ ಗೊತ್ತಿರ್ಲಿಲ್ಲ ಅನ್ನಬಹುದು. ಗೊತ್ತಾಗೋಕೆ ದಾರಿ ಇರ್ಲಿಲ್ವಾ? ಅದೇ ವಾರ ಬೇರೆ ಹತ್ತು ವಿಷಯ ನಂಗೆ ಗೊತ್ತಾಗಿತ್ತು. ಒಂದು ಜಾಗದ ನೂರು ವೀಡಿಯೊ ನೋಡಿದವಳಿಗೆ ಆ ಜಾಗಕ್ಕೆ ಏನಾಯ್ತು ಅನ್ನೋದು ತಲುಪ್ಲಿಲ್ಲ ಅಂದ್ರೆ, ನಾನು ನೋಡ್ತಿದ್ದದ್ದು ಆ ಜಾಗವನ್ನೇ ಅಲ್ಲ ಅಂತ ನಂಗೆ ಅನ್ಸುತ್ತೆ. ದೋಣಿಯ ಹಿಂದೆ ಹಾಕಿದ ಪರದೆ ನೋಡ್ತಿದ್ದೆ.

ನಮ್ಮ ಮರವಂತೆಗೆ ಬಂದು ಡ್ರೋನ್ ಹಾರಿಸಿ, "ಯಾರೂ ಇಲ್ಲದ ಬೀಚ್" ಅಂತ ಹಾಕೋರನ್ನ ನೋಡಿ ನಾವು ಉರ್ಕೊಳ್ತೀವಿ. ಕಡಲ್ಕೊರೆತಕ್ಕೆ ಅಲ್ಲಿ ಕಲ್ಲು ಹಾಕಿರೋದನ್ನ ಕ್ರಾಪ್ ಮಾಡಿದಾರೆ ಅಂತ ಕಾಮೆಂಟ್ ಹಾಕ್ತೀವಿ. ನಾನು ಮಾಡಿದ್ದೂ ಅದೇ, ಸ್ವಲ್ಪ ದೂರದ ಊರಿಗೆ.

ಭಾಗ 7

"ಹಾಗಾದ್ರೆ ಅಲ್ಲಿಗೆ ಯಾರೂ ಹೋಗ್ಬಾರ್ದಾ?" ಡ್ರಾಫ್ಟ್ ಓದಿದ ಫ್ರೆಂಡ್ ಕೇಳಿದ ಪ್ರಶ್ನೆ. ಹೋಗ್ಲಿ. ಹೋಗದೇ ಇದ್ರೆ ಬ್ರೆಡ್ ಮಾರೋರಿಗೆ, ಲಾಬ್‌ಸ್ಟರ್ ಸುಡೋರಿಗೆ ಯಾರು ಗಿರಾಕಿ? ನನ್ನ ವಾದ ಪ್ರವಾಸದ ವಿರುದ್ಧ ಅಲ್ಲ. ಖಾಲಿ ಅಂತ ತೋರಿಸೋದರ ವಿರುದ್ಧ. ಖಾಲಿ ಅಂತ ಕಂಡ ಜಾಗಕ್ಕೆ ಬೆಲೆ ಕಟ್ಟೋದು ಸುಲಭ. ಮಸ್ಟೀಕ್ ದ್ವೀಪವನ್ನ 1958ರಲ್ಲಿ ಒಬ್ಬ ಬ್ರಿಟಿಷ್ ಶ್ರೀಮಂತ ಇಡಿಯಾಗಿ ಕೊಂಡ, ಆಮೇಲೆ ಅದರಲ್ಲೊಂದು ತುಂಡು ಜಾಗವನ್ನ ರಾಜಕುಮಾರಿ ಮಾರ್ಗರೆಟ್‌ಗೆ ಮದುವೆ ಉಡುಗೊರೆ ಕೊಟ್ಟ. ಉಡುಗೊರೆ! ನಮ್ಮಲ್ಲಿ ಕುಕ್ಕರ್ ಕೊಡ್ತಾರೆ.

ಹಣದ ಬಗ್ಗೆ ಮಾತ್ರ ಒಂದು ಮಾತು. ಆ ಎರಡೂ ದೇಶಗಳಲ್ಲಿ ಓಡೋದು ಪೂರ್ವ ಕೆರಿಬಿಯನ್ ಡಾಲರ್. 1976ರಿಂದ ಒಂದು ಅಮೆರಿಕನ್ ಡಾಲರ್‌ಗೆ 2.70 ಅಂತ ದರ ಕಟ್ಟಿಹಾಕಿದಾರೆ, ಬದಲಾಗಿಲ್ಲ. ವಿದೇಶದ ಆ್ಯಪ್‌ನಲ್ಲಿ ಮೊದಲೇ ಕಟ್ಟಿದ ಬಾಡಿಗೆಯಲ್ಲಿ ದ್ವೀಪಕ್ಕೆ ತಲುಪೋದು ಎಷ್ಟು ಅಂತ ಹೊರಗಿಂದ ಕಾಣಲ್ಲ. ಆದ್ರೆ ದಂಡೆಯಲ್ಲಿ ಕೈಯಿಂದ ಕೈಗೆ ಕೊಟ್ಟ ಆ ನೋಟು ಅವತ್ತು ಅಲ್ಲೇ ಉಳಿಯುತ್ತೆ, ಅಲ್ಲಿಯ ಅಂಗಡಿಗೆ ಹೋಗುತ್ತೆ. ಹಾಗಾಗಿ ನಂಗೆ ಬೋಟ್ ತುಂಬಾ ಸೂಪರ್‌ಮಾರ್ಕೆಟ್ ಸಾಮಾನು ತುಂಬ್ಕೊಂಡು ಹೋಗಿ, ಹತ್ತಿರ ಬಂದ ಮರದ ದೋಣಿಯವರನ್ನ ಕೈಬೀಸಿ ಕಳಿಸೋರನ್ನ ಕಂಡ್ರೆ ಆಗಲ್ಲ. ಮರೀನ್ ಪಾರ್ಕ್ ಫೀ ಕೊಡೋಕೆ ಚೌಕಾಸಿ ಮಾಡೋರನ್ನ ಕಂಡ್ರಂತೂ... ಬಿಡಿ. ಆಮೆ ಮೇಯೋ ಹುಲ್ಲಿನ ಮೇಲೆ ಲಂಗರು ಎಳೆದ್ರೆ ಹುಲ್ಲು ಕಿತ್ತು ಬರುತ್ತೆ. ಆ ಫೀ ಇರೋದೇ ಅದನ್ನ ಕಾಯೋಕೆ.

ನಾವು ಅಲ್ಲಿಗೆ ಸದ್ಯಕ್ಕಂತೂ ಹೋಗಲ್ಲ, ಬಸ್ ಪಾಸ್ ರಿನ್ಯೂ ಮಾಡೋಕೇ ಪರದಾಡ್ತಿದ್ದೀವಿ. ಆದ್ರೆ ನಾವು ನೋಡ್ತೀವಿ, ಶೇರ್ ಮಾಡ್ತೀವಿ, ಅದೂ ಒಂದು ಮಾರ್ಕೆಟ್. ಯಾವ ರೀಲ್ ಓಡುತ್ತೋ ಅಂಥದ್ದೇ ಇನ್ನಷ್ಟು ಮಾಡ್ತಾರೆ. ನಾನು ಆ ಫೋಲ್ಡರ್ ಡಿಲೀಟ್ ಮಾಡಿಲ್ಲ. ಅದಕ್ಕೆ ಹೊಸದಾಗಿ ಕ್ಯಾರಿಯಾಕೂ, ಯೂನಿಯನ್, ಬೆಕ್ವೇಯ ಜನರೇ ಹಾಕೋ ಅಕೌಂಟ್‌ಗಳನ್ನ ಹುಡುಕಿ ಸೇರಿಸ್ತಿದ್ದೀನಿ. ಮಾಡಿಗೆ ತಗಡು ಹೊಡೆಯೋದು, ಶಾಲೆ ಮತ್ತೆ ಶುರುವಾದದ್ದು, ರೆಗಾಟಾ ದಿನದ ಗಲಾಟೆ, ಇಂಥವು. ವ್ಯೂಸ್ ಕಡಿಮೆ. ಬೇಕಾದವರು ಮೆಸೇಜ್ ಮಾಡಿ, ಕಳಿಸ್ತೀನಿ.

ಜುಲೈ ಕೊನೆಗೆ ಮಾವ ಬೋಟಿಗೆ ಹೋಗೋ ತಯಾರಿಯಲ್ಲಿದ್ರು. ಹೊರಡೋ ಮೊದಲು ಅವರಿಗೆ ವಿಂಡ್‌ವರ್ಡ್ ಹಳ್ಳಿಯ ಒಂದು ವೀಡಿಯೊ ತೋರಿಸಿದೆ. ದಂಡೆಯಲ್ಲಿ ಅರ್ಧ ಕಟ್ಟಿದ ಸ್ಲೂಪ್, ಪಕ್ಕೆಲುಬಿನ ಹಾಗೆ ಮರ ನಿಂತಿದೆ, ಒಬ್ಬ ಮುದುಕ ಬಾಚಿ ಹಿಡಿದು ಕೆತ್ತುತ್ತಾ ಇದ್ದಾನೆ. ಮಾವ ಎರಡು ಸಲ ನೋಡಿದ್ರು, ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ರು.

"ಇದ್ ಯಾವ್ ಮರ?" ಅಂದ್ರು.

ಚೌಕಟ್ಟಿಗೆ ವೈಟ್ ಸೀಡರ್ ಬಳಸ್ತಾರೆ ಅಂತ ಓದಿದ್ದೆ, ಹೇಳಿದೆ. ಅದು ನಮ್ಮಲ್ಲಿ ಸಿಗೋ ಮರವಾ, ಉಪ್ಪುನೀರಿಗೆ ಎಷ್ಟು ವರ್ಷ ತಾಳುತ್ತೆ, ಆ ಮುದುಕನಿಗೆ ದಿನಕ್ಕೆ ಎಷ್ಟು ಸಂಬಳ, ಎಲ್ಲ ಕೇಳಿದ್ರು. ನಂಗೆ ಉತ್ತರ ಗೊತ್ತಿರ್ಲಿಲ್ಲ. ಮುಂದಿನ ಸಲ ದಡಕ್ಕೆ ಬರೋದ್ರೊಳಗೆ ಹುಡುಕಿ ಇಡು ಅಂತ ಹೇಳಿ ಹೋಗಿದಾರೆ.